ಮುಂದಿನ ಸಾಲಿನ ಅಜ್ಜಿ

ಸೋಬಿತ್‌ನ ಕೈ ಒಂದು ಬಟ್ಟಲಿಗೆ ನಾಲ್ಕು ಗುಟುಕು ಚಹಾ ಹೆಚ್ಚು ಬಗ್ಗಿಸಿದ್ದೇ ಇಷ್ಟಕ್ಕೆಲ್ಲ ಮೂಲ.

ಉಜ್ಬೇಕಿಸ್ತಾನದ ಕೊಕಂದಿನಲ್ಲಿ ಮನೆಗೆ ಬಂದವರ ಬಟ್ಟಲಿಗೆ ತಳ ಮುಚ್ಚುವಷ್ಟೇ ಚಹಾ ಬಗ್ಗಿಸಬೇಕು. ಕಡಿಮೆ ಬಗ್ಗಿಸಿದಷ್ಟೂ ಮರ್ಯಾದೆ ಹೆಚ್ಚು. ಇನ್ನೂ ಹತ್ತು ಸಲ ಬಗ್ಗಿಸುವ ಮನಸ್ಸಿದೆ, ಕೂತಿರಿ ಎಂದು ಅದರ ಅರ್ಥ. ಅಂಚಿನವರೆಗೆ ತುಂಬಿಸಿದರೆ ‘ಕುಡಿದು ಜಾಗ ಖಾಲಿ ಮಾಡು’ ಎಂದ ಹಾಗೆ. ತೊಟ್ಟಿಲ ಕೂಸಿಗೂ ಇದು ಗೊತ್ತು. ಹೋದ ಗುರುವಾರ ಸೋಬಿತ್ ಹಮ್ದಮ್‌ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿಬಿಟ್ಟಿದ್ದ.

ಅದು ಏಳು ಜನ ಗೆಳೆಯರ ವಾರದ ಕೂಟ. ಚಾಯ್‌ಖಾನೆಯ ಹಿಂದೆ ಪಲಾವ್ ಬೇಯುತ್ತಿರುವಾಗ ಒಬ್ಬೊಬ್ಬರೂ ತಾವು ನೋಡಿದ ಸಿನಿಮಾದ ಬಗ್ಗೆ ನಾಲ್ಕು ಮಾತಾಡುವುದು ರೂಢಿ. ಟ್ಯಾಕ್ಸಿ ಓಡಿಸುವ ಹಮ್ದಮ್ ಗೋಡೆ ಬದಿಯ ಗೌರವದ ಜಾಗದಲ್ಲಿ ದಿಂಬಿಗೊರಗಿ ಹೇಳಿದ್ದ: “ನಾಯಕಿ ಮೂರು ಹಾಡು ಅತ್ತಳು ಕಣ್ರೋ, ಕಾಡಿಗೆ ಒಂದು ಚೂರೂ ಕರಗಲಿಲ್ಲ. ಆ ಕಾಡಿಗೆ ಎಲ್ಲಿ ಸಿಗುತ್ತೆ ಹೇಳಿ, ನನ್ನ ಕಾರಿಗೆ ಬಳಿಸ್ತೀನಿ. ಹತ್ತು ವರ್ಷ ಮಳೆಗೆ ಹೆದರಬೇಕಿಲ್ಲ!”

ಐದು ಜನ ಹೊಟ್ಟೆ ಹಿಡಿದು ನಕ್ಕರು. ತಟ್ಟೆಯಲ್ಲಿದ್ದ ದೊಡ್ಡ ಮಾಂಸದ ತುಂಡನ್ನು ಎರ್ಗಶ್ ಮೇಷ್ಟ್ರು ಸ್ವತಃ ಹಮ್ದಮ್‌ನ ಕಡೆಗೆ ಸರಿಸಿದರು. ಬಾಗಿಲ ಬಳಿ, ಎಲ್ಲರ ಚಪ್ಪಲಿಗಳ ಪಕ್ಕದಲ್ಲಿ ಕೂತು ಚಹಾ ಬಗ್ಗಿಸುತ್ತಿದ್ದ ಸೋಬಿತ್‌ನ ಕಣ್ಣು ಆ ತುಂಡಿನ ಹಿಂದೆಯೇ ಹೋಯಿತು; ಕೈ ನಿಲ್ಲುವುದನ್ನು ಮರೆಯಿತು.

ಹಮ್ದಮ್‌ನ ಮೇಲಿನ ಈ ಹೊಟ್ಟೆಕಿಚ್ಚು ಇಂದುನಿನ್ನೆಯದಲ್ಲ. ಸೋಬಿತ್‌ಗೆ ಮಾತು ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು; ಎಲ್ಲರೂ ಎದ್ದು ಮನೆಗೆ ಹೋದ ಮೇಲೆ ಬರುತ್ತಿತ್ತು. ಗಡಿಯಾರ ರಿಪೇರಿಯ ಗೂಡಂಗಡಿಯಲ್ಲಿ ಒಂಟಿಯಾಗಿ ಕೂತು, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಗುರುವಾರ ಆಡಬೇಕಿದ್ದ ಮಾತುಗಳನ್ನು ಅವನು ಶುಕ್ರವಾರ ಆಡಿ ಮುಗಿಸುತ್ತಿದ್ದ. ಕೇಳುವುದಕ್ಕೆ ಗಡಿಯಾರಗಳಿದ್ದವು, ಅವು ನಗುತ್ತಿರಲಿಲ್ಲ.

ತುಂಬಿದ ಬಟ್ಟಲನ್ನು ಎಲ್ಲರೂ ನೋಡಿದರು. ಕೂಟದ ಹಿರಿಯರಾದ ಎರ್ಗಶ್ ಮೇಷ್ಟ್ರು, ಮೂವತ್ತು ವರ್ಷ ಭೂಗೋಳ ಕಲಿಸಿದವರು, ಗಡ್ಡ ಸವರಿಕೊಂಡರು.

“ಏನೋ ಸೋಬಿತ್, ನಿನ್ನ ಕೈ ಏನೋ ಹೇಳ್ತಾ ಇದೆಯಲ್ಲ. ಬಾಯಲ್ಲೇ ಹೇಳಿಬಿಡಪ್ಪ.”

“ಕೈ ಜಾರ್ತು ಮೇಷ್ಟ್ರೆ.”

“ಗಡಿಯಾರದ ಮುಳ್ಳು ಕೂರಿಸೋ ಕೈ ಜಾರುತ್ತೇನೋ? ದಂಡ ಕಟ್ಟು. ಮುಂದಿನ ಗುರುವಾರ ಹೊಸ ಸಿನಿಮಾ ಬರ್ತಿದೆ. ನೋಡ್ಕೊಂಡು ಬಾ, ಮೊದಲ ಮಾತು ನಿಂದು. ನಾವು ನಕ್ಕರೆ ಹಮ್ದಮ್ ಜಾಗದಲ್ಲಿ ನೀನು ಕೂರು. ನಗದಿದ್ರೆ, ಕರ್ಬೂಜ ಹಣ್ಣಾಗೋ ತನಕ ಕೆಟಲ್ ನಿನ್ನ ಕೈಯಲ್ಲೇ.”

ಹಮ್ದಮ್ ಕೋಪವನ್ನೇ ಮಾಡಿಕೊಳ್ಳಲಿಲ್ಲ. ತುಂಬಿದ ಬಟ್ಟಲನ್ನು ಎತ್ತಿ, “ಬಿಡಿ ಮೇಷ್ಟ್ರೆ, ನಂಗೆ ಬಾಯಾರಿಕೆ ಅಂತ ಗೆಳೆಯನಿಗೆ ಗೊತ್ತು” ಎಂದು ಗಟಗಟ ಕುಡಿದ. ಅದಕ್ಕೂ ಎಲ್ಲರೂ ನಕ್ಕರು. ಆ ನಗು ವಾರವಿಡೀ ಸೋಬಿತ್‌ನ ಕಿವಿಯಲ್ಲಿ ಟಿಕ್‌ಟಿಕ್ ಎನ್ನುತ್ತಿತ್ತು.

ಗುರುವಾರ ಬಂತು. ಬೆಳಿಗ್ಗೆ ಹೆಂಡತಿ ಮಸ್ತೂರಾ ರೊಟ್ಟಿ ಮುರಿದು ಅವನ ಮುಂದಿಡುತ್ತ ಹೇಳಿದಳು: “ರೀ, ಇವತ್ತು ಹನ್ನೊಂದು ಗಂಟೆ ಆಟಕ್ಕೆ ಮೊಹಲ್ಲಾದ ಹೆಂಗಸರೆಲ್ಲ ಹೋಗ್ತಿದೀವಿ. ಮಹಿಳಾ ದಿನ ಅಂತ ಇಡೀ ಟಾಕೀಸು ನಮಗೇ. ಒಬ್ಬ ಗಂಡಸನ್ನೂ ಬಿಡಲ್ವಂತೆ.”

ಸೋಬಿತ್ ರೊಟ್ಟಿಯನ್ನು ತಟ್ಟೆಗೆ ವಾಪಸ್ಸಿಟ್ಟ. ಇನ್ನೊಂದು ಆಟ ಇದ್ದದ್ದು ಸಂಜೆ ಆರಕ್ಕೆ. ಕೂಟ ಸೇರುವುದು ನಾಲ್ಕಕ್ಕೆ.

“ಹಮ್ದಮ್ ನೋಡ್ತಾನಾ?”

“ಅವರೆಲ್ಲಿ ನೋಡ್ತಾರೆ? ಬೆಳಗಿನ ಜಾವಾನೇ ಫರ್ಗಾನಾಕ್ಕೆ ಬಾಡಿಗೆ ಹೋದ್ರಂತೆ. ಅವರ ಹೆಂಡ್ತಿ ಓಯ್‌ಸಾರಾ ಹೇಳಿದ್ಲು.” ಮಸ್ತೂರಾ ಗೋಡೆಯತ್ತ ನೋಡಿದಳು. “ಟೈಮೆಷ್ಟಾಯ್ತೋ ಏನೋ. ಈ ಗಡಿಯಾರ ನಿಂತು ಎರಡು ವರ್ಷ ಆಯ್ತು. ಊರಿನ ಗಡಿಯಾರ ಎಲ್ಲ ಓಡಿಸ್ತೀರಿ.”

ಗಡಿಯಾರದ ಮಾತು ಸೋಬಿತ್‌ನ ಕಿವಿಗೆ ಬೀಳಲಿಲ್ಲ. ಹಮ್ದಮ್ ನೋಡುವುದಿಲ್ಲ ಎಂಬ ಒಂದೇ ಮಾತು ಬೆಲ್ಲದ ಚೂರಿನಂತೆ ನಾಲಿಗೆಯ ಮೇಲೆ ಕೂತಿತ್ತು.

ಹನ್ನೊಂದಕ್ಕೆ ಅವನು ಟಾಕೀಸಿನ ಹಿಂಬಾಗಿಲಿನಲ್ಲಿದ್ದ. ಗೇಟಿನ ಪೊಲಾತ್‌ನ ಕೈಗಡಿಯಾರವನ್ನು ಮೂರು ಸಲ ಬದುಕಿಸಿಕೊಟ್ಟ ಋಣ ಇತ್ತು.

“ಒಳಗೆ ಇನ್ನೂರು ಹೆಂಗಸರು ಇದಾರೆ ಕಣೋ,” ಪೊಲಾತ್ ಹೆದರಿದ. “ನೀನು ಸಿಕ್ಕಿಬಿದ್ರೆ ಎದ್ದು ಓಡ್ತೀಯ. ಒಳಗೆ ಬಿಟ್ಟ ನನ್ನನ್ನ ಬಿಡ್ತಾರಾ?”

“ಕರ್ಬೂಜ ಹಣ್ಣಾಗೋ ತನಕ ಚಹಾ ಬಗ್ಗಿಸಬೇಕು ಪೊಲಾತ್. ಆ ಹಮ್ದಮ್‌ಗೆ!”

ಪೊಲಾತ್ ನಿಟ್ಟುಸಿರು ಬಿಟ್ಟು, ಯಾರೋ ಮರೆತು ಹೋಗಿದ್ದ ಬೂದು ಬಣ್ಣದ ಉಣ್ಣೆ ಶಾಲೊಂದನ್ನು ತಂದ. ಅದನ್ನು ಸೋಬಿತ್‌ನ ತಲೆಯಿಂದ ಮೊಣಕಾಲವರೆಗೆ ಸುತ್ತಿ, ಮೂಗಷ್ಟೇ ಹೊರಗೆ ಬಿಟ್ಟ. “ಮುಂದಿನ ಸಾಲು. ಬಗ್ಗಿ ನಡಿ. ದೀಪ ಹತ್ತೋಕೆ ಮುಂಚೆ ಎದ್ದು ಬಾ. ಬಾಯಿ ಮಾತ್ರ ಬಿಚ್ಚಬೇಡ.”

ಕತ್ತಲಲ್ಲಿ ಬಗ್ಗಿ ನಡೆದು ಕೂತದ್ದೇ ತಡ, ಪಕ್ಕದ ಕುರ್ಚಿಯ ಮುದುಕಿ ಅವನ ಶಾಲಿನೊಳಗೆ ಒಂದು ಹಿಡಿ ಹುರಿದ ಸೂರ್ಯಕಾಂತಿ ಬೀಜ ಸುರಿದಳು. “ತಗೊಳ್ಳಕ್ಕ. ಹಲ್ಲಿದೆಯಲ್ಲ ಇನ್ನೂ? ಯಾವ ಬೀದಿ ನಿಮ್ಮದು? ನಾನು ಹನೀಫಾ, ರೊಟ್ಟಿ ಬಜಾರಿನ ಹಿಂದೆ.”

ಸೋಬಿತ್ ತಲೆಯಲ್ಲಾಡಿಸಿದ.

“ಕಿವಿ ಮಂದ, ಪಾಪ,” ಎಂದು ಹನೀಫಾ ಹಿಂದಿನ ಸಾಲಿಗೆ ತಿಳಿಸಿದಳು.

ಹಿಂದಿನಿಂದ ಮಸ್ತೂರಾಳ ನಗು, ಹಮ್ದಮ್‌ನ ಹೆಂಡತಿ ಓಯ್‌ಸಾರಾಳ ಕೆಮ್ಮು ಕೇಳಿಸಿತು. ಸೋಬಿತ್ ಆಮೆಯಂತೆ ಕತ್ತನ್ನು ಒಳಗೆ ಎಳೆದುಕೊಂಡ. ಸಿನಿಮಾದಲ್ಲಿ ಮದುವೆಯ ದಿನವೇ ವರನ ಕಾರು ಹಳ್ಳಕ್ಕೆ ಬಿದ್ದು, ಅವನು ಏಳು ವರ್ಷ ಕೋಮಾದಲ್ಲಿ ಮಲಗಿದ. ವಧು ಹಾಸಿಗೆ ಪಕ್ಕ ಕೂತು ಅತ್ತಳು. ಅತ್ತೆ ಬೈದಳು. ಹಿಮ ಬಿತ್ತು, ಹೂ ಬಿಟ್ಟಿತು, ಮತ್ತೆ ಹಿಮ ಬಿತ್ತು. ಟಾಕೀಸಿನ ತುಂಬ ಮೂಗೊರೆಸುವ ಸದ್ದು.

ಸೋಬಿತ್‌ಗೆ ಮಾತ್ರ ಅಳು ಬರಲಿಲ್ಲ. ಆಸ್ಪತ್ರೆಯ ಗೋಡೆ ಮೇಲಿದ್ದ ಗಡಿಯಾರ ಅವನ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅಪಘಾತದ ದಿನ ನಾಲ್ಕೂ ಹತ್ತು. ಮೊದಲ ಹಿಮಕ್ಕೆ ನಾಲ್ಕೂ ಹತ್ತು. ಐದನೇ ವರ್ಷಕ್ಕೂ ನಾಲ್ಕೂ ಹತ್ತು. ಅವನ ಬೆರಳುಗಳು ಶಾಲಿನೊಳಗೇ ಚಡಪಡಿಸಿದವು.

“ಅಕ್ಕಾ,” ಹನೀಫಾ ಬಿಕ್ಕುತ್ತ ಅವನ ಭುಜ ಹಿಡಿದು ಅಲುಗಿಸಿದಳು. “ಏನನ್ಸುತ್ತೆ ನಿಂಗೆ? ಹುಡುಗ ಏಳ್ತಾನಾ? ಹೇಳಕ್ಕಾ! ಹೇಳೇ!”

ಉತ್ತರ ಕೊಡದಿದ್ದರೆ ಮುದುಕಿ ಶಾಲನ್ನೇ ಎಳೆದುಬಿಡುವ ಹಾಗಿತ್ತು. ಸೋಬಿತ್ ಬಾಯಲ್ಲಿ ಬೀಜ ಇಟ್ಟುಕೊಂಡೇ, ದನಿಯನ್ನು ಕೀರಲು ಮಾಡಿ ಹೇಳಿಬಿಟ್ಟ: “ಹುಡುಗ ಏಳ್ತಾನೆ ಬಿಡೇ ತಾಯಿ. ಕೋಮಾದಲ್ಲಿರೋದು ಆ ಗಡಿಯಾರ. ಏಳು ವರ್ಷ ಆಯ್ತು, ಇನ್ನೂ ನಾಲ್ಕೂ ಹತ್ತೇ. ಮೊದಲು ಅದಕ್ಕೆ ಡಾಕ್ಟ್ರನ್ನ ಕರೀರಿ.”

ಹನೀಫಾಳ ಬಿಕ್ಕು ನಗುವಾಗಿ ಒಡೆಯಿತು. ಹಿಂದಿನ ಸಾಲು ಅದನ್ನು ಹಿಡಿಯಿತು, ಅದರ ಹಿಂದಿನ ಸಾಲಿಗೆ ದಾಟಿಸಿತು. “ಏನಂತೆ? ಏನಂತೆ?” “ಗಡಿಯಾರ ಕೋಮಾದಲ್ಲಿದೆಯಂತೆ!” ಇನ್ನೂರು ಹೆಂಗಸರು ನಕ್ಕ ನಗುವಿಗೆ ಪರದೆಯ ಮೇಲೆ ಅಳುತ್ತಿದ್ದ ವಧುವೇ ಪೆಚ್ಚಾದಂತೆ ಕಂಡಳು. ಎಲ್ಲಕ್ಕಿಂತ ಮೇಲೆ ಮಸ್ತೂರಾಳ ದನಿ: “ನಮ್ಮನೆ ಗಡಿಯಾರಾನೂ ಕೋಮಾದಲ್ಲೇ ಇದೆ ಅಜ್ಜೀ! ನಮ್ಮನೆಯವರೇ ಅದರ ಡಾಕ್ಟ್ರು!”

ಮತ್ತೆ ನಗುವಿನ ಅಲೆ. ಸೋಬಿತ್ ಬಗ್ಗಿ, ಕುರ್ಚಿಗಳ ಮುಂದೆ ಕೋಳಿಯಂತೆ ಸರಿದು, ಹಿಂಬಾಗಿಲಿನಿಂದ ಹಾರಿದ.

ಗೂಡಂಗಡಿಯಲ್ಲಿ ಕೂತಾಗ ಎದೆಬಡಿತ ಇಳಿಯಿತು, ಚಿಂತೆ ಶುರುವಾಯಿತು. ಕೂಟದಲ್ಲಿ ಏನು ಹೇಳುವುದು? ಗಡಿಯಾರದ ಮಾತು ನೆನಪಾಯಿತು. ಆದರೆ ಅದು ಮುದುಕಿಯರು ಬೀಜ ತಿನ್ನುತ್ತ ಆಡುವ ಮಾತು. ಮೇಷ್ಟ್ರಂಥವರ ಮುಂದೆ, ಹಮ್ದಮ್‌ನ ಜಾಗಕ್ಕಾಗಿ, ತೂಕದ ಮಾತೇ ಬೇಕು. ಸಮೋಸ ಕಟ್ಟಿಕೊಟ್ಟಿದ್ದ ಹಳೆಯ ಪತ್ರಿಕೆಯಲ್ಲಿ ಯಾವುದೋ ಸಿನಿಮಾದ ವಿಮರ್ಶೆ ಇತ್ತು. ಎಣ್ಣೆ ಒರೆಸಿ, ಮೂರು ಗಂಟೆ ಬಾಯಿಪಾಠ ಮಾಡಿದ.

ನಾಲ್ಕು ಗಂಟೆಗೆ ಕೂಟದಲ್ಲಿ ಎದ್ದು ನಿಂತು, ಪೊಲಾತ್ ನಿನ್ನೆ ರಾತ್ರಿಯೇ ತನಗೊಬ್ಬನಿಗೆ ಸಿನಿಮಾ ತೋರಿಸಿದ ಎಂದು ಸುಳ್ಳು ಹೇಳಿ, ಗಂಟಲು ಸರಿಮಾಡಿಕೊಂಡ.

“ತಾಯ್ತನದ ಶಾಶ್ವತ ಮೌಲ್ಯಗಳನ್ನು ಸಮಾಜದ ಮುಂದಿಡುವ ಪ್ರಾಮಾಣಿಕ ಪ್ರಯತ್ನ ಇದಾಗಿದೆ. ಛಾಯಾಗ್ರಹಣ ಗಮನಾರ್ಹ. ಸಂಗೀತ ಪೂರಕ.”

ಹಿತ್ತಲಿನಲ್ಲಿ ಪಲಾವಿನ ಕಡಾಯಿ ಕೊತಕೊತ ಎನ್ನುವುದು ಕೇಳಿಸಿತು.

“ಮುಗೀತಾ?” ಮೇಷ್ಟ್ರು ಕೇಳಿದರು.

“ಮುಗೀತು.”

“ನೀರಾವರಿ ಇಲಾಖೆ ವರದಿ ಇದಕ್ಕಿಂತ ಚೆನ್ನಾಗಿರುತ್ತಪ್ಪ. ಅದರಲ್ಲಿ ನೀರಾದ್ರೂ ಇರುತ್ತೆ.”

ಎಲ್ಲರೂ ನಕ್ಕರು. ಇದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಸೋಬಿತ್ ಯೋಚಿಸಿದ. ಕೇಳುವ ಧೈರ್ಯ ಬರಲಿಲ್ಲ. ಆಗಷ್ಟೇ ಫರ್ಗಾನಾದಿಂದ ಬಂದ ಹಮ್ದಮ್ ಒಳಗೆ ಕಾಲಿಟ್ಟ.

“ನಾನು ಸಿನಿಮಾ ನೋಡಿಲ್ಲಪ್ಪ, ಸುಳ್ಳು ಹೇಳಲ್ಲ,” ಎಂದು ಕೂರುತ್ತ ಹಮ್ದಮ್ ಹೇಳಿದ. ಸೋಬಿತ್‌ನ ಎದೆ ಹಗುರಾಯಿತು. “ಆದ್ರೆ ನನ್ನ ಹೆಂಡ್ತಿ ಬಾಗಿಲಲ್ಲೇ ಹಿಡಿದು ಒಂದು ಮಾತು ಹೇಳಿದ್ಲು. ಮುಂದಿನ ಸಾಲಲ್ಲಿ ಯಾರೋ ಒಬ್ಳು ಅಜ್ಜಿ ಕೂತಿದ್ಲಂತೆ, ಬೂದು ಶಾಲು ಹೊದ್ದು...”

ಸೋಬಿತ್ ಕೆಟಲ್ ಮುಚ್ಚಳ ತೆಗೆದು ಒಳಗೆ ಇಣುಕತೊಡಗಿದ.

ಹಮ್ದಮ್ ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರ ಟೋಪಿ ಬಿದ್ದಿತ್ತು. ಒಬ್ಬ ದಿಂಬು ಗುದ್ದುತ್ತಿದ್ದ. ಪಲಾವ್ ತಿರುವುತ್ತಿದ್ದವನು ಸೌಟು ಹಿಡಿದೇ ಓಡಿಬಂದು ಇನ್ನೊಮ್ಮೆ ಹೇಳಿಸಿದ.

“ಭಲೇ ಅಜ್ಜಿ!” ಮೇಷ್ಟ್ರು ಕಣ್ಣೊರೆಸಿಕೊಂಡರು. “ಲೋ ಸೋಬಿತ್, ಇಪ್ಪತ್ತು ವರ್ಷದಿಂದ ಗಡಿಯಾರ ಬಿಚ್ತಾ ಕೂತಿದೀಯ. ಅದೇ ಸಿನಿಮಾ ನೋಡಿ ಬಂದಿದೀಯ. ನಿನ್ನ ಕಣ್ಣಿಗೆ ಬೀಳಲಿಲ್ಲ, ಆ ಮುದುಕಿ ಕಣ್ಣಿಗೆ ಬಿತ್ತಲ್ಲೋ!”

ಸೋಬಿತ್ ಬಾಯಿ ತೆರೆದ. ಅದು ನನ್ನ ಮಾತು ಎನ್ನಬೇಕು. ಎಂದರೆ, ಶಾಲು ಹೊದ್ದು ಇನ್ನೂರು ಹೆಂಗಸರ ಮಧ್ಯೆ ಬೀಜ ತಿಂದದ್ದನ್ನೂ ಹೇಳಬೇಕು. ಬಾಯಿ ಮುಚ್ಚಿದ. ಇಷ್ಟು ದಿನ ಹಮ್ದಮ್‌ಗಾಗಿ ಉರಿದ ಹೊಟ್ಟೆ ಈಗ ಒಬ್ಬ ಮುದುಕಿಗಾಗಿ ಉರಿಯುತ್ತಿತ್ತು. ಆ ಮುದುಕಿ ತಾನೇ ಎಂಬುದು ಹೊಟ್ಟೆಗೆ ಅರ್ಥವಾಗುತ್ತಿರಲಿಲ್ಲ.

ಪಲಾವ್ ಬಂತು. ಮೇಷ್ಟ್ರು ಎಲ್ಲಕ್ಕಿಂತ ದೊಡ್ಡ ಮಾಂಸದ ತುಂಡನ್ನು ಆರಿಸಿ, ಒಂದು ನೀಲಿ ತಟ್ಟೆಗೆ ಪಲಾವ್ ರಾಶಿ ಹಾಕಿ, ಅದರ ಮೇಲೆ ಇಟ್ಟರು. ಇನ್ನೊಂದು ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಕಟ್ಟಿದರು.

“ಇದು ಅಜ್ಜಿಗೆ. ಸೋಬಿತ್, ಊರಿನ ಗಡಿಯಾರ ಎಲ್ಲ ನಿನ್ನ ಹತ್ರ ಬರುತ್ತೆ, ನಿಂಗೆ ಗೊತ್ತಿಲ್ಲದ ಮನೆ ಇಲ್ಲ. ಹುಡುಕಿ ಕೊಟ್ಟು ಬಾ. ಬಂದು ಕೆಟಲ್ ಹಿಡಿ. ಕರ್ಬೂಜಕ್ಕೆ ಇನ್ನೂ ನಾಲ್ಕು ತಿಂಗಳಿದೆ.”

ಸೋಬಿತ್ ಕಟ್ಟು ಹಿಡಿದು ಹೊರಗೆ ಬಂದ. ಕಾಲುವೆಯ ಪಕ್ಕ, ಬೋಳು ಹಿಪ್ಪುನೇರಳೆ ಮರಗಳ ಕೆಳಗೆ ಒಂದು ಬೆಂಚಿತ್ತು. ಅಲ್ಲಿ ಕೂತ. ಅಜ್ಜಿಯನ್ನು ಹುಡುಕಿ ಕೊಡು ಎಂದರಲ್ಲ ಮೇಷ್ಟ್ರು; ಅಜ್ಜಿ ಸಿಕ್ಕಿದ್ದಾಳೆ. ಕಟ್ಟು ಬಿಚ್ಚಿದ. ದೊಡ್ಡ ತುಂಡನ್ನು ಎರಡು ಕೈಯಲ್ಲೂ ಹಿಡಿದು ಕಚ್ಚಿದ. ಬಾಗಿಲ ಬಳಿಯ ಜಾಗಕ್ಕೆ ಇಪ್ಪತ್ತು ವರ್ಷದಲ್ಲಿ ಇಂಥ ತುಂಡು ಒಮ್ಮೆಯೂ ಬಂದಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಅಯ್ಯಯ್ಯೋ! ರೀ!”

ಕಣ್ಣು ಬಿಟ್ಟರೆ ಎದುರಿಗೆ ಮಸ್ತೂರಾ, ಓಯ್‌ಸಾರಾ, ಇಬ್ಬರ ಮಧ್ಯೆ ಹನೀಫಾ. ಮುಂದಿನ ವಾರದ ಹೆಂಗಸರ ಕೂಟಕ್ಕೆ ಕರೆಯಲು ಅವರೂ ಮನೆಮನೆ ತಿರುಗಿ ಅದೇ ಅಜ್ಜಿಯನ್ನು ಹುಡುಕುತ್ತಿದ್ದರು.

“ಇದು ಅಜ್ಜಿಗೆ ಅಂತ ಕಳಿಸಿದ ಪಲಾವ್ ಅಲ್ವಾ?” ಓಯ್‌ಸಾರಾ ನೀಲಿ ತಟ್ಟೆ ನೋಡಿದಳು. “ನಮ್ಮನೆಯವರು ಈಗಷ್ಟೇ ಫೋನ್ ಮಾಡಿದ್ರು. ಸೋಬಿತಣ್ಣನ ಕೈಲಿ ಕೊಟ್ಟಿದೀವಿ ಅಂದ್ರು.”

“ಮುದುಕಿ ಬಾಯಿನ ತುತ್ತು!” ಮಸ್ತೂರಾಳ ಕಣ್ಣಲ್ಲಿ ನೀರು ಬಂತು. “ನಮ್ಮನ್ನೆಲ್ಲ ಅಷ್ಟು ನಗಿಸಿದ ಜೀವ. ಅದರ ತುತ್ತು ಕಿತ್ಕೊಂಡು ತಿಂತಿದೀರಲ್ಲ, ಥೂ!”

ಸೋಬಿತ್ ಏನೋ ಹೇಳಹೊರಟ. ಬಾಯಿ ತುಂಬ ಅನ್ನ. ದನಿ ಕೀರಲಾಗಿ ಹೊರಟಿತು. ಹನೀಫಾ ಥಟ್ಟನೆ ಕತ್ತು ವಾಲಿಸಿ ಕಿವಿ ಕೊಟ್ಟಳು. “ಈ ದನಿ... ಎಲ್ಲೋ ಕೇಳಿದೀನಲ್ಲ?”

ಸೋಬಿತ್ ಕಟಕ್ಕನೆ ಬಾಯಿ ಮುಚ್ಚಿದ. ಮತ್ತೆ ತೆರೆಯಲಿಲ್ಲ. ಮೊಹಲ್ಲಾ ದಾಟಿ, ಗಲ್ಲಿ ದಾಟಿ, ಮೂವರು ಹೆಂಗಸರ ಮುಂದೆ ತಟ್ಟೆ ಹಿಡಿದು ನಡೆಯುವಾಗಲೂ ತೆರೆಯಲಿಲ್ಲ. ಬಾಗಿಲುಗಳು ಒಂದೊಂದಾಗಿ ತೆರೆದವು. “ಇವನೇನಾ? ಅಜ್ಜಿ ಪಲಾವ್ ತಿಂದೋನು?” ಎಂಬ ಮಾತು ಅವನಿಗಿಂತ ಮುಂಚೆಯೇ ಅವನ ಮನೆ ಮುಟ್ಟಿತ್ತು.

ಮನೆಯಲ್ಲಿ ಮಸ್ತೂರಾ ಒಲೆ ಹೊತ್ತಿಸಿದಳು. ಚಾಪೆ ಹಾಸಿದಳು. ಬಟ್ಟಲು ತಂದಿಟ್ಟಳು. ಕೆಟಲ್ ಎತ್ತಿದಳು. ಎರಡು ವರ್ಷದಿಂದ ನಿಂತ ಗಡಿಯಾರದ ಕೆಳಗೆ ಕೂತು ಸೋಬಿತ್ ಬಟ್ಟಲನ್ನೇ ನೋಡಿದ. ತಳ ಮುಚ್ಚಿತು. ಅರ್ಧಕ್ಕೆ ಬಂತು. ಈಗ ನಿಲ್ಲಿಸುತ್ತಾಳೆ ಎಂದುಕೊಂಡ.

ಚಹಾ ಅಂಚು ಮುಟ್ಟಿ, ಅಂಚು ದಾಟಿ, ಚಾಪೆಯ ಮೇಲೆ ನಿಧಾನವಾಗಿ ಹರಡಿತು.