ಬೆಳಕು ಅಗಲ ಮಾಡುವ ಉದ್ಯೋಗ

ಕಂಪ್ಯೂಟರ್ ಇದ್ದ ಕಡೆ ತಪ್ಪೇ ಆಗುವುದಿಲ್ಲ ಅಂತ ಎಂಬತ್ತರ ದಶಕದಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿದವರಲ್ಲಿ ಒಬ್ಬರೂ ನಮ್ಮ ರೂಮಿನಲ್ಲಿ ಒಂದು ದಿನ ಕೂತವರಲ್ಲ.

ಕೊಯಮತ್ತೂರಿನ ಒಂದು ಸಣ್ಣ ಕಂಪನಿ. ಬಟ್ಟೆಯಲ್ಲಿ ಎಳೆ ತಪ್ಪಿದೆಯಾ ಅಂತ ಲೇಸರ್ ಬೆಳಕಿನಲ್ಲಿ ನೋಡುವ ಯಂತ್ರ ಮಾಡುತ್ತಿತ್ತು. ಲೇಸರ್ ಬೆಳಕು ಬರುವುದು ಕಡ್ಡಿಯಷ್ಟು ಸಣ್ಣಗೆ. ಅದನ್ನು ತಟ್ಟೆಯಷ್ಟು ಅಗಲ ಮಾಡಲು ಒಂದು ಕೊಳವೆ, ಅದರೊಳಗೆ ಲೆನ್ಸು, ಲೆನ್ಸು ಸರಿಸಲು ಮೋಟಾರು, ಮೋಟಾರಿಗೆ ಅಪ್ಪಣೆ ಕೊಡಲು ಕಂಪ್ಯೂಟರು, ಕಂಪ್ಯೂಟರಿಗೆ ಅಪ್ಪಣೆ ಕೊಡಲು ನಾನು. ಅದೂ ಟೆಂಪರರಿ. ‘ಒಂದು ಯಂತ್ರ ಮಾರಾಟವಾದರೆ ನೀನು ಪರ್ಮನೆಂಟ್. ಆಗದಿದ್ದರೆ ಬಾಗಿಲು ಮುಚ್ಚೋದೇ’ ಅಂದಿದ್ದರು ಸಾಹೇಬರು.

೧. ಅಜ್ಜಿಯ ಹಳೇ ಕೋಪ

ಹತ್ತಿರದ ಅನ್ನೂರಿನಲ್ಲಿ ನಮ್ಮದು ನೇಯುವವರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕೆಲಸಕ್ಕೆ ಸೇರಿದ ದಿನ ಅಜ್ಜಿ ಕೇಳಿದಳು, ‘ಅಲ್ಲಿ ಏನೇ ಮಾಡ್ತೀಯ?’

‘ಬೆಳಕು ಅಗಲ ಮಾಡ್ತೀನಿ ಅಜ್ಜಿ.’

‘ಅದಕ್ಕೆ ಬಿ.ಎಸ್ಸಿ. ಓದಬೇಕಿತ್ತಾ? ಕಿಟಕಿ ತೆಗೆದ್ರೆ ಆಗಲ್ವಾ?’

ಮೂರು ಹೆಣ್ಣಿನ ಮೇಲೆ ಹುಟ್ಟಿದವಳು ನಾನು. ‘ಹೆಣ್ಣು ಸಾಕು, ಇವಳಿಗೆ ಸಾಕಮ್ಮ ಅಂತ ಹೆಸರಿಡಿ’ ಅಂತ ಅಜ್ಜಿ ಹಟ ಹಿಡಿದಿದ್ದಳಂತೆ. ಅಪ್ಪ ಕೇಳದೆ ಯಾವುದೋ ಫ್ಯಾಷನ್ ಹೆಸರಿಟ್ಟ. ಆ ಕೋಪ ಅವಳಿಗೆ ಇನ್ನೂ ಇಳಿದಿರಲಿಲ್ಲ. ನನಗೆ ಜ್ವರ ಬರಲಿ, ಟೌನ್ ಬಸ್ಸು ತಪ್ಪಲಿ, ಒಂದೇ ಮಾತು: ‘ನಾನು ಹೇಳಿದ ಹೆಸರು ಇಟ್ಟಿದ್ರೆ ಹೀಗಾಗ್ತಿತ್ತಾ?’

೨. ಲೆನ್ಸಿಗೆ ಬೊಟ್ಟು

ಆಯುಧಪೂಜೆಯ ಮರುದಿನ ಲೇಸರ್ ಹಾಕಿದರೆ ಗೋಡೆಯ ಮೇಲೆ ಕೆಂಪು ವೃತ್ತ, ನಟ್ಟನಡುವೆ ಕಪ್ಪು ಕಲೆ. ಅಯ್ಯೋ, ಲೆನ್ಸು ಸುಟ್ಟುಹೋಯಿತು, ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಸಾಹೇಬರು ಬಂದು, ಕಂಪ್ಯೂಟರಿನಲ್ಲೇ ತಪ್ಪಿದೆ ಅಂತ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿಸಿದರು. ಮಧ್ಯಾಹ್ನವಾಯಿತು. ಕೊನೆಗೆ ಕೊಳವೆಯೊಳಗೆ ಇಣುಕಿದರೆ ಲೆನ್ಸಿನ ನಡುವೆ ದಪ್ಪಗೆ ಗಂಧ, ಅದರ ಮೇಲೆ ಕುಂಕುಮ!

ನಮ್ಮ ಅಟೆಂಡರನ್ನು ಕರೆದೆ. ಕೊಯಮತ್ತೂರು ಸುತ್ತಿನ ಕೊಂಗು ಸೀಮೆಯ ಹಿರಿಯ. ನನ್ನನ್ನು ‘ಅಮ್ಮಣೀ’ ಅಂತಲೇ ಕರೆಯುವವನು, ಪಾಪದವನು. ‘ಎಲ್ಲ ಬಿಟ್ಟು ಇದಕ್ಯಾಕಪ್ಪಾ ಹಚ್ಚಿದೆ?’ ಅಂದೆ.

‘ಪಕ್ಕದ ಡಬ್ಬಕ್ಕೆಲ್ಲ ಇಟ್ಟೆ ಅಮ್ಮಣೀ. ಇದಕ್ಕೆ ಮುಖ ಇರೋದು ಇದೊಂದೇ ಕಡೆ ಅಲ್ವಾ?’

೩. ಮನೆಗೆ ಹೋಗು

ಲೆನ್ಸನ್ನು ಹೊರಟ ಜಾಗಕ್ಕೆ ವಾಪಸ್ ತರುವುದಕ್ಕೆ ನಮ್ಮ ಪ್ರೋಗ್ರಾಮು ಪರದೆಯ ಮೇಲೆ ‘ಗೋ ಹೋಮ್’ ಅನ್ನುತ್ತಿತ್ತು. ಅಟೆಂಡರನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಒಂದು ದಿನ ನಾನು ಊಟ ಮುಗಿಸಿ ಬಂದರೆ ರೂಮು ಖಾಲಿ, ಆಸಾಮಿ ನಾಪತ್ತೆ. ಮರುದಿನ ಸಾಹೇಬರು ಹಾರಾಡಿದರು, ‘ಯಾರನ್ನು ಕೇಳಿ ಹೋದೆಯಯ್ಯಾ?’

‘ನಾನಾಗೇ ಹೋಗಲಿಲ್ಲಂಗ ಸಾರ್. ಅದೇ ಹೇಳಿತು. ದೊಡ್ಡ ಅಕ್ಷರದಲ್ಲಿ.’

೪. ಸಾಕು! ಸಾಕು!

ಕೊನೆಗೂ ತಿರುಪ್ಪೂರಿನಿಂದ ಒಬ್ಬ ಬಟ್ಟೆ ಮಿಲ್ಲಿನ ಯಜಮಾನರು ಯಂತ್ರ ನೋಡಲು ಬಂದರು. ಇವರು ಕೊಂಡರೆ ಉಳಿದೆವು, ಇಲ್ಲದಿದ್ದರೆ ನಾನು ಮನೆಗೆ.

ಅವರ ಬನಿಯನ್ ಬಟ್ಟೆಯನ್ನೇ ಬೆಳಕಿಗೆ ಹಿಡಿದೆ. ಗೋಡೆಯ ಮೇಲೆ ಬರೀ ಮಬ್ಬು. ‘ಏನೂ ಕಾಣಲ್ಲವಲ್ಲಮ್ಮಾ’ ಅಂದರು ಯಜಮಾನರು. ಇನ್ನೂ ಅಗಲ ಮಾಡೋಣ ಅಂತ ಕೀ ಒತ್ತಿದೆ. ಬೆಳಕು ತಟ್ಟೆಯಷ್ಟಾಯಿತು, ಮೊರದಷ್ಟಾಯಿತು, ಮೋಟಾರು ಮಾತ್ರ ನಿಲ್ಲಲೇ ಇಲ್ಲ. ಯಾವ ಕೀ ಒತ್ತಿದರೂ ಅದಕ್ಕೆ ಕಿವಿಯೇ ಇಲ್ಲ. ಕೊಳವೆ ಕರಕರ ಅನ್ನತೊಡಗಿತು. ಲೆನ್ಸು ಒಡೆದರೆ ಮುಗಿಯಿತು!

ಆ ಗಾಬರಿಯಲ್ಲಿ ತಮಿಳಿನ ‘ಪೋದುಂ’ ಎಲ್ಲಿ ನೆನಪಾಗಬೇಕು? ಬಾಯಿಗೆ ಬಂದದ್ದು ಮನೆಯ ಮಾತು. ‘ಸಾಕು! ಸಾಕು! ಸಾಕು!’ ಅಂತ ಕಿರುಚಿಕೊಂಡೆ.

ತಮಿಳಿನಲ್ಲಿ ಸಾಕ್ಕು ಅಂದರೆ ಗೋಣಿಚೀಲ.

‘ಇದೋ ತಂದೆ ಅಮ್ಮಣೀ!’ ಅಂತ ಅಟೆಂಡರ್ ಓಡಿದ. ತನ್ನ ಮನೆಗೆಂದು ಮೆಟ್ಟುಪಾಳ್ಯದಿಂದ ತಂದು ಬಾಗಿಲ ಬಳಿ ಇಟ್ಟಿದ್ದ ಆಲೂಗಡ್ಡೆಯನ್ನು ನೆಲಕ್ಕೆ ಸುರಿದು, ಖಾಲಿ ಚೀಲ ಹಿಡಿದು ಬಂದ. ಅಷ್ಟರಲ್ಲಿ ನಾನು ಮೋಟಾರಿನ ಪ್ಲಗ್ ಕಿತ್ತಿದ್ದೆ; ಬೆಳಕು ಮಾತ್ರ ಮೊರದಗಲಕ್ಕೇ ನಿಂತಿತ್ತು. ಚೀಲವನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯದು. ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಸೀದಾ ಬೆಳಕಿನ ಎದುರು ನಿಂತುಬಿಟ್ಟ.

ಗೋಡೆಯ ಮೇಲೆ ಗೋಣಿಯ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪಗೆ ಮೂಡಿತು! ಎಳೆ ಬಿಟ್ಟದ್ದು, ಇಲಿ ಕಡಿದದ್ದು, ಎಲ್ಲವೂ ಕಾಣುತ್ತಿತ್ತು. ಯಜಮಾನರು ಆಲೂಗಡ್ಡೆ ತುಳಿದುಕೊಂಡೇ ಗೋಡೆಯ ಹತ್ತಿರ ಹೋದರು. ‘ಅಬ್ಬಬ್ಬಾ! ಇಷ್ಟು ಅಗಲ ಮಾಡಿದರೇ ಕಾಣೋದಾ?’ ಅಂತ ತಮ್ಮ ಬಟ್ಟೆಯನ್ನೂ ಹಿಡಿಸಿ ನೋಡಿದರು. ಎಳೆ ತಪ್ಪಿದ ಜಾಗ ಎದ್ದು ಕಂಡಿತು. ಅಲ್ಲೇ ಯಂತ್ರ ಕೊಂಡರು. ಹೊರಡುವಾಗ ಸಾಹೇಬರಿಗೆ ಮೆಲ್ಲಗೆ ಹೇಳಿದರು, ‘ಆ ಸಾಕ್ಕನ್ನೂ ಜತೆಗೆ ಕಳಿಸಿ. ಅದಿಲ್ಲದೆ ಓಡದಿದ್ದರೆ?’

ನಾನು ಪರ್ಮನೆಂಟ್ ಆದೆ. ಖುಷಿಗೆ ಕುಣಿದಾಡಿದೆ. ಆದರೆ ಅವತ್ತಿನಿಂದ ಕಂಪನಿಯಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ವಾಚ್‌ಮನ್‌ನಿಂದ ಸಾಹೇಬರವರೆಗೆ ಎಲ್ಲರಿಗೂ ನಾನು ‘ಸಾಕ್ಕಮ್ಮ’, ಗೋಣಿಚೀಲದಮ್ಮ.

ಮನೆಗೆ ಬಂದು ಮುಖ ಊದಿಸಿಕೊಂಡು ಹೇಳಿದೆ. ಅಜ್ಜಿ ಎದ್ದು ದೇವರಿಗೆ ದೀಪ ಹಚ್ಚಿ, ಅಪ್ಪನ ಕಡೆ ತಿರುಗಿದಳು.

‘ನೋಡಿದ್ಯೇನೋ? ಸರಿಯಾದ ಹೆಸರಿಡೋಕೆ ಕಂಪ್ಯೂಟರೇ ಬರಬೇಕಾಯ್ತು!’