ಹನ್ನೊಂದು ಕುರಿಗಳ ಯಜಮಾನ

ಮುರಿದ ಸಂಸಾರದ ಸಂಗತಿಯನ್ನು ನಗುವಂತೆ ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಯಾರದು ತಪ್ಪು ಎಂದು ತೀರ್ಮಾನಿಸುವಷ್ಟು ತಿಳಿವಳಿಕೆ ಇಲ್ಲಿಲ್ಲ, ನಡೆದದ್ದಷ್ಟೇ ಇದೆ.

ಗಟ್ಟು ಕಡೆಯ ಬೀರಲಿಂಗಪ್ಪ ಮತ್ತು ಕುರುಮಮ್ಮನಿಗೆ ಮಕ್ಕಳಿರಲಿಲ್ಲ. ಗದ್ವಾಲದ ಕೋರ್ಟಿನಲ್ಲಿ ವಿಚ್ಛೇದನವಾಯಿತು. ಜೀವನಾಂಶವೆಂದು ತಿಂಗಳಿಗೆ ಎರಡು ಸಾವಿರ ಕೊಡು ಎಂದು ಊರ ಹಿರಿಯ ಕಿಷ್ಟಪ್ಪ ಹೇಳಿದಾಗ ಬೀರಲಿಂಗಪ್ಪ ಹೌಹಾರಿದ್ದ.

"ಸಾಯೋತನಕ ಕೊಡಾಕ ನಾ ಏನು ಬ್ಯಾಂಕೇನ್ರಿ? ಅರ್ಧ ಕುರಿ ಒಯ್ಯಲಿ, ಲೆಕ್ಕ ಹರೀಲಿ!"

ಅರ್ಧ ಕುರಿಗೆ ಒಪ್ಪಿದ ರಾಜಿಪತ್ರಕ್ಕೆ ಕುರುಮಮ್ಮ ಹೆಬ್ಬೆಟ್ಟು ಒತ್ತಿದ್ದಳು.

ತೆಲಂಗಾಣ ರಾಜ್ಯವಾದ ಮೇಲೆ ಸರ್ಕಾರದ ಯೋಜನೆಯಲ್ಲಿ ಸಿಕ್ಕ ಕುರಿಗಳು ಅವು: ಇಪ್ಪತ್ತು ಹೆಣ್ಣು, ಒಂದು ಟಗರು. ಕಾಗದದಲ್ಲಿ ಹೆಸರು ಅವನದು. ಯೋಜನೆಗೆ ತಾವು ಕಟ್ಟಬೇಕಾದ ಪಾಲಿನ ಹಣಕ್ಕೆ ಮಾರಿದ್ದು ಅವಳ ಬೆಳ್ಳಿ ಕಡಗ. ಐದು ವರ್ಷ ಅವುಗಳ ಹಿಂದೆ ಬಿಸಿಲಲ್ಲಿ ನಡೆದವಳೂ ಅವಳೇ. ಸಂತೆಯಲ್ಲಿ ಮರಿ ಮಾರಿ ದುಡ್ಡು ಎಣಿಸುವ ಹೊತ್ತಿಗೆ ಮಾತ್ರ ಬೀರಲಿಂಗಪ್ಪ ಕುರುಬನಾಗುತ್ತಿದ್ದ.

ಹಂಚುವ ದಿನ ಬೆಳಿಗ್ಗೆ ಕಿಷ್ಟಪ್ಪ ಕುರಿಗಳ ಬೆನ್ನಿಗೆ ಬಣ್ಣ ಹಚ್ಚಿಸಿದ. ಅವಳ ಹತ್ತಕ್ಕೆ ಕೆಂಪು. ಅವನ ಹತ್ತಕ್ಕೂ ಹಟಹಿಡಿದು ಪಡೆದ ಟಗರಿಗೂ ನೀಲಿ.

"ಬರಾಬರ್ ಆತು," ಎಂದು ಕಿಷ್ಟಪ್ಪ ಕೈ ಒರೆಸಿಕೊಂಡ.

ಕುರುಮಮ್ಮ "ಹೊಯ್, ಬರ್ರೆವ್ವಾ" ಎನ್ನುತ್ತ ಊರಂಚಿನ ಅಣ್ಣನ ಹಟ್ಟಿಯತ್ತ ನಡೆದಳು. ಕೆಂಪು ಹೋದವು. ನೀಲಿಯೂ ಹೋದವು.

ಬೀರಲಿಂಗಪ್ಪ ಓಡಿ ಟಗರಿನ ಕೊಂಬು ಹಿಡಿದ. ಅದು ಅವನನ್ನು ಒದ್ದೆ ಕಂಬಳಿಯಂತೆ ಎಳೆದುಕೊಂಡು ನೆರೆಯ ಬುಚ್ಚಮ್ಮನ ಶೇಂಗಾ ಹೊಲ ದಾಟಿಸಿತು.

"ನನ್ನ ಬೆಳಿ ತುಳದೆಲ್ಲೋ! ನಿನ್ನ ಕುರಿಗೆ ನಿನ್ನ ಮಾರಿ ಗುರ್ತು ಇಲ್ಲೇನು?" ಎಂದು ಬುಚ್ಚಮ್ಮ ಕೂಗಿದಳು.

"ಕಾಗದದಾಗ ನನ್ನ ಫೋಟೋ ಐತಿ, ಅಕ್ಕಾ!"

"ಹಂಗಾರ ಕಾಗದ ತೋರ್ಸಿ ಕರಿ!" ಎಂದವಳು, ಆಮೇಲೆ ಮರುಗಿ ಉಪಾಯವನ್ನೂ ಕೊಟ್ಟಳು. "ಮನಿಯಾಗ ಆಕಿ ಹಳೀ ಸೀರಿ ಇದ್ರ ಹೊದ್ಕೊಂಡು ಹೋಗು. ವಾಸನಿಗೆ ಬರ್ತಾವ."

ಮಧ್ಯಾಹ್ನ ಬೀರಲಿಂಗಪ್ಪ ಸೀರೆ ಮುಸುಕು ಹಾಕಿ ಮದುವಣಗಿತ್ತಿಯಂತೆ ಹಟ್ಟಿಗೆ ಹೋದ. ನೋಡಲು ಊರೇ ನೆರೆದಿತ್ತು. ಕುರಿಗಳು ಮೂಸಿದವು, ನಾಲ್ಕು ಹೆಜ್ಜೆ ಹಿಂದೆಯೂ ಬಂದವು. ಆನಂದ ತಡೆಯದೆ ಅವನು "ಬರ್ರಿ, ಬರ್ರಿ!" ಎಂದುಬಿಟ್ಟ. ದನಿ ಕೇಳಿದ್ದೇ ತಡ, ಎಲ್ಲವೂ ತಿರುಗಿ ಓಡಿದವು.

ಸಂಜೆ ಕಿಷ್ಟಪ್ಪ ತೀರ್ಪು ಕೊಟ್ಟ: "ಕುರಿ ನಿನ್ನವೇ, ಯಾರೂ ಇಲ್ಲ ಅನ್ನಂಗಿಲ್ಲ. ಅವು ಆಕಿ ಹತ್ರ ಇರ್ಲಿ. ಕಾಯೋ ಕೂಲಿ ಕೊಡು."

"ಮಾರಿಬಿಡ್ತೀನ್ರಿ!"

"ಸಂತಿತನಕ ಹೊಡ್ಕೊಂಡು ಹೋಗಾಕೂ ಆಕೀನ ಕರೀಬೇಕಲ್ಲೋ."

ಕುರುಮಮ್ಮ ಜೀವನದಲ್ಲಿ ಮೊದಲ ಸಲ ಅವನ ಹೆಸರು ಹಿಡಿದು ಕರೆದಳು. "ಬೀರಲಿಂಗಪ್ಪಾ, ಊರಾಗ ನಡಿಯೋ ರೇಟು ಕೊಡು ಸಾಕು. ತಿಂಗಳಿಗೆ ತಲಿಗೆ ಇನ್ನೂರು."

ಅವನು ಬೆರಳು ಮಡಿಚಿ ಎಣಿಸಿದ. "ಎರಡು ಸಾವಿರದ ಇನ್ನೂರು! ಜೀವನಾಂಶಕ್ಕಿಂತ ಹೆಚ್ಚಾತಲ್ರಿ!"

"ಇದು ಜೀವನಾಂಶ ಅಲ್ಲ, ಕೂಲಿ," ಎಂದ ಕಿಷ್ಟಪ್ಪ. "ಹಿಂದಿನ ಐದು ವರ್ಷದ್ದು ಆಕಿ ಕೇಳಿಲ್ಲ. ಸುಮ್ನ ಕೊಡು."

ಬೀರಲಿಂಗಪ್ಪ ಕೊಟ್ಟ. ಕುರುಮಮ್ಮ ಎಣಿಸದೆ ಸೆರಗಿಗೆ ಕಟ್ಟಿಕೊಂಡಳು. ಆ ಐದು ವರ್ಷಕ್ಕೆ ಎಷ್ಟಾಗುತ್ತಿತ್ತೆಂದು ಮನೆಯ ದಾರಿಯಲ್ಲಿ ಗುಣಿಸಲು ತೊಡಗಿದ ಬೀರಲಿಂಗಪ್ಪ ಅರ್ಧಕ್ಕೇ ಬಿಟ್ಟ. ಪೂರ್ತಿ ಗುಣಿಸಿದ್ದರೆ ಎಷ್ಟು ಬರುತ್ತಿತ್ತೋ, ಅಷ್ಟು ಕೊಟ್ಟರೂ ನ್ಯಾಯವೆನಿಸುತ್ತಿತ್ತೋ ಇಲ್ಲವೋ, ಗೊತ್ತಿಲ್ಲ.