ಬೀಳ್ಕೊಟ್ಟರೂ ಹೋಗದವರು

ಐವತ್ತು, ಅರವತ್ತರ ದಶಕದಲ್ಲಿ ನಾನು ಹಾಸನದ ಒಂದು ಮಿಷನ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಹಿರಿಯರು ಯಾರಾದರೂ ರಿಟೈರ್ ಆಗ್ತಾರೆ ಅಂದರೆ ಸಾಕು, ನನ್ನ ಎದೆ ಡವಡವ ಅನ್ನೋದು. ಯಾಕೆಂದರೆ ಬೀಳ್ಕೊಡುಗೆಯ ಕೆಲಸವನ್ನೆಲ್ಲ ನನ್ನ ತಲೆಗೇ ಕಟ್ಟಿದ್ದರು. ಹಾರ, ಶಾಲು, ಫೋಟೋ, ಉಪ್ಪಿಟ್ಟು, ಕೊನೆಗೆ ಬಸ್ ಸ್ಟ್ಯಾಂಡಿಗೆ ಜಟಕಾ. ಎಲ್ಲ ಒದಗಿಸಿ ಕೈ ಮುಗಿದು ನಿಂತರೂ ಒಂದೇ ಒಂದು ಸಮಾರಂಭ ನೆಟ್ಟಗೆ ನಡೆದಿದ್ದರೆ ಕೇಳಿ!

ಪ್ರತಿ ಸಲ ಎಲ್ಲ ಮುಗಿದ ಮೇಲೆ ಒಂದನೇ ಕ್ಲಾಸಿನ ಟೀಚರಮ್ಮ ನನ್ನ ಹತ್ತಿರ ಬರೋರು. ಅರ್ಧ ಊರಿಗೆ ಅ ಆ ಇ ಈ ತಿದ್ದಿಸಿದ ಹೆಂಗಸು. ಮದುವೆ ಆದವರಲ್ಲ, ಆ ಕ್ಲಾಸೇ ಅವರ ಸಂಸಾರ. "ನನ್ನ ಸರದಿ ಬಂದಾಗ ಈ ಗಲಾಟೆಯೆಲ್ಲ ಬೇಡ ಕಣಪ್ಪಾ. ಕೊನೇ ಪಾಠ ಪೂರ್ತಿ ಮಾಡೋಕೆ ಬಿಟ್ಟುಬಿಡಿ, ಅಷ್ಟು ಸಾಕು ನಂಗೆ" ಅನ್ನೋರು. "ಆಗಲಮ್ಮ, ಖಂಡಿತ" ಅಂತ ನಾನೂ ಮಾತು ಕೊಡ್ತಿದ್ದೆ.

ಕಣ್ಣು ಮುಚ್ಚಿದ ಹೊತ್ತು

ಮೊದಲು ಹೊರಟವರು ಕನ್ನಡ ಪಂಡಿತರು. ಕಚ್ಚೆಪಂಚೆ, ಪೇಟ, ಹಣೆಯ ಮೇಲೆ ನಾಮ. ಆದರೆ ದಿನಾ ಬೆಳಗಿನ ಪ್ರಾರ್ಥನೆಯಲ್ಲಿ ಕ್ರೈಸ್ತ ಮೇಷ್ಟ್ರುಗಳಿಗಿಂತ ಬಿಗಿಯಾಗಿ ಕಣ್ಣು ಮುಚ್ಚಿಕೊಂಡು ನಿಲ್ಲೋರು. "ದೇವರು ಯಾರಾದರೇನು, ಕಣ್ಣು ಮುಚ್ಚೋದರಲ್ಲಿ ಮೋಸ ಇರಬಾರದು" ಅನ್ನೋದು ಅವರ ಸಿದ್ಧಾಂತ. ಮಕ್ಕಳಿಗೆ ಅವರನ್ನೇ ತೋರಿಸಿ ಬುದ್ಧಿ ಹೇಳ್ತಿದ್ದೆವು.

ಸಮಾರಂಭ ಶುರುವಾಯಿತು. ಪಾದ್ರಿಗಳು ಪ್ರಾರ್ಥನೆಗೆ ನಿಂತರು. ಅವರ ಪ್ರಾರ್ಥನೆ ಅಂದರೆ ಸಾಮಾನ್ಯವೇ? ದೇಶ ಆಳುವವರಿಂದ ಹಿಡಿದು ಹರದನಹಳ್ಳಿಯ ರಾಗಿ ಹೊಲದ ತನಕ ಯಾರನ್ನೂ ಬಿಡೋ ಹಾಗಿಲ್ಲ. ನಾವೆಲ್ಲ ಕಣ್ಣು ಮುಚ್ಚಿ ತಲೆ ಬಗ್ಗಿಸಿದ್ದೆವು. ಮಧ್ಯದಲ್ಲಿ ಮೇಜಿನ ಕಡೆಯಿಂದ ಕರಂ ಕರಂ ಅಂತ ಸದ್ದು. ಎಲ್ಲರಿಗೂ ಕೇಳಿಸ್ತಿದೆ, ಆದರೆ ಆಮೆನ್ ಅನ್ನೋ ತನಕ ಕಣ್ಣು ಬಿಡೋ ಹಾಗಿಲ್ಲವಲ್ಲ! ಅವತ್ತು ಯಾಕೋ ಪಾದ್ರಿಗಳು ರಾಗಿ ಹೊಲಕ್ಕೆ ಹೋಗದೆ ಥಟ್ಟನೆ ಆಮೆನ್ ಅಂದುಬಿಟ್ಟರು. ಕಣ್ಣು ಬಿಟ್ಟು ನೋಡಿದರೆ, ಯಾರದೋ ಮನೆಯ ಆಡು! ಸೇವಂತಿಗೆ ಹಾರ ಪೂರ್ತಿ ಮುಗಿಸಿ, ದಾರ ಅಗೀತಾ ನಮ್ಮನ್ನೇ ನೋಡ್ತಾ ನಿಂತಿದೆ.

ಉಪ್ಪಿಟ್ಟು ತಿನ್ನುವಾಗ ಪಂಡಿತರು ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. "ಅದು ಬಂದಾಗಲೇ ಕಂಡೆ ಕಣಯ್ಯಾ. ಓಡಿಸೋಣ ಅಂದ್ರೆ, ಪಂಡಿತ ಕಣ್ಣು ಬಿಟ್ಟಿದ್ದ ಅಂತ ಎಲ್ಲರಿಗೂ ಗೊತ್ತಾಗ್ತದೆ. ಇಷ್ಟು ವರ್ಷದ ಹೆಸರು, ಒಂದು ಹಾರಕ್ಕೋಸ್ಕರ ಕಳ್ಕೊಳ್ಳಲೇ?"

ಹಿಂದೆ ನಿಂತಿದ್ದ ಪಾದ್ರಿಗಳು ಮೆಲ್ಲಗೆ ಹೇಳಿದರು, "ನನಗೂ ಅದೇ ಪೇಚಾಟ ಪಂಡಿತರೇ. ಅದಕ್ಕೇ ಬೇಗ ಆಮೆನ್ ಅಂದೆ."

ಲೈನು

ಆಮೇಲೆ ಡ್ರಿಲ್ ಮೇಷ್ಟ್ರ ಸರದಿ. ಅರಕಲಗೂಡು ಕಡೆಯವರು. ಗಂಟಲು ಅಂದರೆ ಗಂಟಲು! ಅವರು ಮೈದಾನದಲ್ಲಿ ಅಟೆನ್‌ಷನ್ ಅಂದರೆ ಬೀದಿಯಲ್ಲಿ ಹೋಗೋ ಎತ್ತೂ ನಿಂತುಬಿಡೋದು.

ಗ್ರೂಪ್ ಫೋಟೋ ತೆಗೆಯೋಕೆ ಊರಿನ ಫೋಟೋಗ್ರಾಫರ್ ಬಂದ. ನಡುವಿನ ಕುರ್ಚಿಯಲ್ಲಿ ಹಾರ ಹಾಕಿಕೊಂಡ ಡ್ರಿಲ್ ಮೇಷ್ಟ್ರು, ಸುತ್ತ ನಾವು, ಹುಡುಗರು. ಅವನು ಕರೀ ಬಟ್ಟೆಯೊಳಗೆ ತಲೆ ತೂರಿಸಿ "ಯಾರೂ ಅಲ್ಲಾಡ್ಬೇಡಿ" ಅಂದ. ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಎದ್ದು, "ಏಯ್, ಕೊನೇಲಿರೋನು ಗೂನು ಬಿದ್ಕೊಂಡವ್ನೆ!" ಅಂತ ಓಡಿಹೋಗಿ ಹುಡುಗನ ಬೆನ್ನು ನೆಟ್ಟಗೆ ಮಾಡಿ ಬಂದರು. ಇನ್ನೊಂದು ಸಲ ಎದ್ದು ಹಿಂದಿನ ಸಾಲನ್ನು ಸರಿಮಾಡಿದರು. ಮಗದೊಂದು ಸಲ ನನ್ನ ಹೊಟ್ಟೆಗೇ ತಿವಿದು "ಒಳಕ್ ಎಳ್ಕೊಳಿ ಸಾ" ಅಂದರು. ಫೋಟೋಗ್ರಾಫರ್ ಬೇಸತ್ತು ಯಾವಾಗ ಒತ್ತಿದನೋ ದೇವರಿಗೇ ಗೊತ್ತು.

ಫೋಟೋ ಬಂತು. ಎಲ್ಲರೂ ಕಂಬದ ಹಾಗೆ ನಿಂತಿದ್ದೇವೆ. ನಡುವಿನ ಕುರ್ಚಿ ಖಾಲಿ. ಮುಂದುಗಡೆ ಒಂದು ಅಗಲವಾದ ಬೆನ್ನು, ಅದರ ಮೇಲೆ ಹಾರದ ದಾರ. ಇದನ್ನು ಹೇಗಪ್ಪಾ ಕೊಡೋದು ಅಂತ ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಡ್ರಿಲ್ ಮೇಷ್ಟ್ರು ಕೈಗೆ ತಗೊಂಡು ನೋಡಿದರು. ಕಣ್ಣಲ್ಲಿ ನೀರೇ ಬಂತು. "ನಾನೆಲ್ಲಾದ್ರೂ ಇರ್ಲಿ ಬುಡಿ ಸಾ. ಲೈನು ಎಂಗೈತೆ ನೋಡಿ!"

ಒಂದನೇ ಕ್ಲಾಸು

ಕೊನೆಗೆ ಟೀಚರಮ್ಮನ ಸರದಿ ಬಂದೇ ಬಂತು. ಅವತ್ತು ಮುಖ್ಯ ಅತಿಥಿಗಳು ಹೊತ್ತಿಗೆ ಮುಂಚೆಯೇ ಬಂದು ಕೂತುಬಿಟ್ಟರು. ಹೆಡ್‌ಮಾಸ್ಟರು "ಹೋಗಿ ಕರ್ಕೊಂಡ್ ಬನ್ರೀ" ಅಂತ ನನ್ನನ್ನೇ ಅಟ್ಟಿದರು. ಟೀಚರಮ್ಮ ಮಕ್ಕಳಿಗೆ ಹ ತಿದ್ದಿಸಿ ಮುಗಿಸಿದ್ದರು, ಇನ್ನು ಉಳಿದಿದ್ದು ಳ ಒಂದೇ. ನಾನು ಬಾಗಿಲಲ್ಲಿ ನಿಂತಿದ್ದು ನೋಡಿ ಬಳಪ ಕೆಳಗಿಟ್ಟು ಬಂದರು. ನಾನು ಕೊಟ್ಟ ಮಾತು ಅಲ್ಲಿಗೇ ಮುರಿಯಿತು. ಆದರೂ ಸಮಾರಂಭ ಅಚ್ಚುಕಟ್ಟಾಗಿ ಮುಗಿಯಿತು. ಅವರನ್ನು ಹೊಳೆನರಸೀಪುರದ ಬಸ್ಸು ಹತ್ತಿಸಿ ತಂಗಿಯ ಮನೆಗೆ ಕಳಿಸಿದೆವು.

ಸೋಮವಾರ ಬೆಳಗ್ಗೆ ಜವಾನ ಓಡಿ ಬಂದ. "ಸಾ, ಟೀಚರಮ್ಮಾರು ಬಂದ್ಬುಟ್ಟವ್ರೆ ಸಾ! ಕ್ಲಾಸ್ನಾಗೆ ಕುಂತವ್ರೆ. ಒಸ ಟೀಚರಮ್ಮ ಒರಗಡೆ ನಿಂತ್ಕಂಡು ಅಳ್ತಾವ್ರೆ!"

ಅವತ್ತೇ ಸ್ಕೂಲು ನೋಡೋಕೆ ಇನ್ಸ್‌ಪೆಕ್ಟರ್ ಬರೋರಿದ್ದರು. ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು, "ನಾನು ಅವರ ಶಿಷ್ಯ, ಸಮಾಧಾನ ಮಾಡಿ ಕಳಿಸ್ತೀನಿ" ಅಂತ ಕ್ಲಾಸಿಗೆ ಹೋದರು. ಹೋದವರು ಬರಲೇ ಇಲ್ಲ. ಇನ್ಸ್‌ಪೆಕ್ಟರ್ ಬಂದು, "ಎಲ್ರೀ ಹೆಡ್‌ಮಾಸ್ಟರು?" ಅಂತ ಗದರಿದರು. ಬೇರೆ ದಾರಿ ಕಾಣದೆ ಅಲ್ಲಿಗೇ ಕರೆದುಕೊಂಡು ಹೋದೆ. ನೋಡ್ತೀನಿ, ಹೆಡ್‌ಮಾಸ್ಟರು ಕೋಟು ಹಾಕಿಕೊಂಡೇ ಮಕ್ಕಳ ನಡುವೆ ಚಾಪೆಯ ಮೇಲೆ ಕೈ ಕಟ್ಟಿ ಕೂತಿದ್ದಾರೆ!

"ಏನ್ರೀ ಇದು ಅನ್ಯಾಯ?" ಅಂತ ಇನ್ಸ್‌ಪೆಕ್ಟರ್ ಒಳಗೆ ನುಗ್ಗಿದರು. ಟೀಚರಮ್ಮ ಕನ್ನಡಕದ ಮೇಲಿಂದ ನೋಡಿದರು. "ನೀನು ಆ ಪೋಸ್ಟ್ ಮಾಸ್ಟರ ಮಗ ಅಲ್ವೇನೋ? ದಿನಾ ಸ್ಲೇಟು ಒಡ್ಕೊಂಡು ಬರ್ತಿದ್ದೋನು? ಟೋಪಿ ತೆಗಿ. ಕೂತ್ಕೋ." ಇನ್ಸ್‌ಪೆಕ್ಟರ್ ಟೋಪಿ ತೆಗೆದರು, ಹೆಡ್‌ಮಾಸ್ಟರ ಪಕ್ಕ ಕೂತು ಕೈ ಕಟ್ಟಿದರು.

ಬಾಗಿಲಲ್ಲಿ ಉಳಿದವನು ನಾನು. "ನೀನ್ಯಾಕಪ್ಪಾ ಇಷ್ಟು ಲೇಟು? ಕಿವಿ ಹಿಡ್ಕೊಂಡು ನಿಂತ್ಕೋ" ಅಂದರು. ನಾನು ಓದಿದ್ದು ಚನ್ನರಾಯಪಟ್ಟಣದಲ್ಲಿ ಸ್ವಾಮಿ, ಅವರ ಶಿಷ್ಯನೇ ಅಲ್ಲ! ಆದರೂ ಹಿಡಿದುಕೊಂಡೆ.

ಟೀಚರಮ್ಮ ಒಂದೊಂದು ಮಗುವಿನ ಕೈ ಹಿಡಿದು ಳ ತಿದ್ದಿಸಿದರು. ಯಾರನ್ನೂ ಬಿಡಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಎಲ್ಲರ ತಲೆ ಸವರಿ, ಇನ್ಸ್‌ಪೆಕ್ಟರ ಬೋಳುತಲೆಯನ್ನೂ ಸವರಿ, "ಈಗ ಮುಗೀತು ಕಣ್ರಪ್ಪಾ. ಬರ್ತೀನಿ" ಅಂದರು. ಮೊನ್ನೆ ಹಾರ ಹಾಕಿಸಿಕೊಂಡಾಗ ಇಲ್ಲದ ನಗು ಈಗ ಮುಖದ ತುಂಬ ಇತ್ತು. ಚೀಲ ಹೆಗಲಿಗೆ ಹಾಕಿಕೊಂಡು ಮೈದಾನ ದಾಟಿ, ಗೇಟು ದಾಟಿ, ಹೊರಟೇಹೋದರು.

ಕ್ಲಾಸಿನಲ್ಲಿ ಯಾರೂ ಮಿಸುಕಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಇನ್ಸ್‌ಪೆಕ್ಟರು ಪಿಸುಗುಟ್ಟಿದರು, "ಏಳಬಹುದೇನ್ರೀ?"

ಹೆಡ್‌ಮಾಸ್ಟರು ಕಟ್ಟಿದ ಕೈ ಬಿಡದೆ ಅಂದರು, "ಟೀಚರಮ್ಮ ಹೇಳಿಲ್ವಲ್ಲ ಸಾರ್!"